ಬಾಯ್ಲರು ಖಾಲಿ ಇಡಬಾರದು

ಊರಿಗೆ ಹೊರಟ ಮನುಷ್ಯ ಬುದ್ಧಿಯನ್ನು ಒಳಗೇ ಬಿಟ್ಟು ಮನೆಗೆ ಬೀಗ ಹಾಕುತ್ತಾನೆ. ಹಿಂದೂಪುರದಲ್ಲಿ ಇಪ್ಪತ್ತೈದು ವರ್ಷ ಬಾಯ್ಲರು ರಿಪೇರಿ ಮಾಡಿ ನಾನು ಕಂಡುಕೊಂಡ ಸತ್ಯ ಇದೊಂದೇ. ಇಂಥದ್ದು ನಡೆಯದ ವರ್ಷ ಒಂದಾದರೂ ಇತ್ತೇ ಎಂದು ಯೋಚಿಸಿದರೆ, ಇಲ್ಲ. ನಾನು ಕಾಲು ಮುರಿದುಕೊಂಡು ಮಂಚದ ಮೇಲೆ ಮಲಗಿದ್ದ ವರ್ಷವೂ ಜನ ಬಾಯ್ಲರು ಹೊತ್ತುಕೊಂಡು ಮಂಚದ ಹತ್ತಿರಕ್ಕೇ ಬಂದಿದ್ದಾರೆ.

ಬಾಯ್ಲರು ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ತಾಮ್ರದ ದೊಡ್ಡ ಡಬ್ಬ. ನಡುವೆ ಒಲೆ, ಹೊಗೆ ಹೋಗಲು ನೆತ್ತಿಯ ಮೇಲೊಂದು ಕೊಳವೆ, ನೀರು ಸುರಿಯಲು ಪಕ್ಕದಲ್ಲೊಂದು ಆಲಿಕೆ, ಕೆಳಗೆ ನಲ್ಲಿ. ಒಂದು ಮಂಕರಿ ಕಡ್ಲೆಕಾಯಿ ಹೊಟ್ಟು ಹಾಕಿ ಕಡ್ಡಿ ಗೀರಿದರೆ ಮನೆಮಂದಿಗೆಲ್ಲ ಸ್ನಾನ.

ನಮ್ಮೂರಿನಲ್ಲಿ ಮಗ್ಗದ ಮನೆಗಳು ಜಾಸ್ತಿ. ಅವರಲ್ಲಿ ಕೆಲವರು ಮಗ್ಗ ಬಿಟ್ಟು ಕಡ್ಲೆಕಾಯಿ ವ್ಯಾಪಾರಕ್ಕೆ ಇಳಿದಿದ್ದರು. ದೀಪಾವಳಿ ಮುಗಿದದ್ದೇ ತಡ, ಸಂಸಾರ ಸಮೇತ ಕಲ್ಯಾಣದುರ್ಗಕ್ಕೆ ಹೋಗಿ ಬಿಡಾರ ಹೂಡಿದರೆ ವಾಪಸ್ಸು ಬರುವುದು ಸಂಕ್ರಾಂತಿಗೆ. ಹೋಗುವ ಮುಂಚೆ ನನ್ನನ್ನು ಕರೆಸುತ್ತಿದ್ದರು. ನೀರು ಇಳಿಸಿ, ಬೂದಿ ತೆಗೆದು, ಹುಣಸೆಹಣ್ಣಿನಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಬಾಯಿ ಮುಚ್ಚುವುದಕ್ಕೆ ನಾನು ಬಾಯ್ಲರು ಮಲಗಿಸುವುದು ಎನ್ನುತ್ತಿದ್ದೆ. ನಮ್ಮೂರಿನ ಗಡಸು ನೀರು ಮೂರು ತಿಂಗಳು ನಿಂತರೆ ಒಳಗೆ ಸುಣ್ಣ ಕಟ್ಟುತ್ತದೆ, ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಬಂದ ಮೇಲೆ ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ನೀರು, ಆಮೇಲೆ ಬೆಂಕಿ. ಅದಲು ಬದಲಾದರೆ ಬೆಸುಗೆ ಕರಗಿ ಬಾಯ್ಲರು ಅಲ್ಲಿಗೆ ಮುಗಿಯಿತು. ಹಾಗೆಯೇ ನಲ್ಲಿ ತಿರುಗಿಸಿ ನೀರು ಬರುತ್ತದೋ ಇಲ್ಲವೋ ನೋಡದೆ ಕಡ್ಡಿ ಗೀರಬಾರದು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಕೇಳಿದವರು ಯಾರು ಎಂಬುದು ಬೇರೆ ಮಾತು.

೧. ಮೇಷ್ಟರ ಪಟ್ಟಿ

ಹೈಸ್ಕೂಲಿನ ಸೈನ್ಸ್ ಮೇಷ್ಟರೊಬ್ಬರಿದ್ದರು. ಬೇಸಿಗೆ ರಜ ಬಂದರೆ ಎರಡು ತಿಂಗಳು ಹೆಂಡತಿಯ ತವರು ಕುಂದುರ್ಪಿಗೆ ಹೋಗುವುದು ಅವರ ವಾಡಿಕೆ. ಒಂದು ವರ್ಷ ನಾನು ಬಾಯ್ಲರು ಮಲಗಿಸುವುದನ್ನು ಪಕ್ಕದಲ್ಲೇ ನಿಂತು ನೋಡಿ, ನನಗೂ ಪಾಠ ಹೇಳುವ ಉತ್ಸಾಹ ಬಂತು ಅವರಿಗೆ. ಕೊಳವೆಯಲ್ಲಿ ಗುಬ್ಬಿ ಗೂಡು ಕಟ್ಟಬಾರದೆಂದು ಹಳೆಯ ಪಂಚೆ ತುರುಕಿದರು. ಹಲ್ಲಿ ಬೀಳಬಾರದೆಂದು ಆಲಿಕೆಗೆ ರಟ್ಟು ಕಟ್ಟಿದರು. ಜೇಡ ನುಗ್ಗಬಾರದೆಂದು ನಲ್ಲಿಯ ಬಾಯಿಗೆ ಮೇಣ ಮೆತ್ತಿದರು.

"ಬಂದಾಗ ಇಷ್ಟೆಲ್ಲ ನೆನಪಿರ್ತೈತಾ ಸಾರ್?" ಅಂದೆ.

"ನೆನಪು ನಂಬ್ಕಂಡು ಯಾರಾದ್ರೂ ಕೂರ್ತಾರೇನಯ್ಯ? ಪಟ್ಟಿ ಮಾಡೀನಿ ನೋಡು," ಅಂದರು.

ನಿಜಕ್ಕೂ ಮಾಡಿದ್ದರು. ಏನೇನು ತೆಗೆಯಬೇಕು, ಯಾವುದಾದ ಮೇಲೆ ಯಾವುದು ಎಂದು ಹನ್ನೊಂದು ಅಂಶ. ಎಲ್ಲಕ್ಕಿಂತ ಮೇಲೆ ಕೆಂಪು ಮಸಿಯಲ್ಲಿ "ಇದನ್ನು ಓದದೆ ಬಾಯ್ಲರು ಮುಟ್ಟಕೂಡದು" ಎಂದು ಬರೆದು ಎರಡು ಗೆರೆ ಎಳೆದಿದ್ದರು.

ಜೂನಿನಲ್ಲಿ ಒಂದು ಬೆಳಿಗ್ಗೆ ಅವರ ಬೀದಿಯಲ್ಲಿ ಕೂಗು. ಓಡಿದೆ. ಮೇಷ್ಟರ ಮನೆಯ ಬಾಗಿಲು, ಕಿಟಕಿ, ಹೆಂಚಿನ ಸಂದು ಎಲ್ಲದರಿಂದಲೂ ಹೊಗೆ. ನಾನು ಮೂಗಿಗೆ ಟವೆಲು ಕಟ್ಟಿಕೊಂಡು ಒಳಗೆ ನುಗ್ಗಿ ಉರಿ ಎಳೆದು ಹಾಕಿದೆ. ಕೊಳವೆಯ ಪಂಚೆ ಹಾಗೇ ಇತ್ತು, ಒಳಗೆ ನೀರೂ ಇರಲಿಲ್ಲ, ಇನ್ನೆರಡು ನಿಮಿಷ ತಡವಾಗಿದ್ದರೆ ಬೆಸುಗೆ ಹೋಗಿರುತ್ತಿತ್ತು. ಮೇಷ್ಟರು ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದರು, ಮುಖ ಬಾಣಲೆಯ ತಳದ ಹಾಗಿತ್ತು.

"ಪಟ್ಟಿ ಏನಾಯ್ತು ಸಾರ್?" ಅಂದೆ.

ಅವರು ಕೆಮ್ಮುತ್ತಲೇ ಬಚ್ಚಲುಮನೆಯ ಕಡೆ ಕೈ ತೋರಿದರು. ಗೆದ್ದಲು ತಿನ್ನದ, ಇಲಿ ಕಡಿಯದ, ಮಳೆ ಸೋರದ ಜಾಗ ಮನೆಯಲ್ಲಿ ಯಾವುದಿದೆ ಎಂದು ಬಹಳ ಯೋಚಿಸಿ, ಪಟ್ಟಿಯನ್ನು ಬಾಯ್ಲರಿನ ಒಲೆಯೊಳಗೇ ಭದ್ರವಾಗಿ ಇಟ್ಟು ಹೋಗಿದ್ದರಂತೆ. ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಅಂದರು:

"ಒಲೆ ಹಚ್ಚಾಕೆ ಕಾಗದ ಬೇಕಿತ್ತು ಕಣಪ್ಪ. ನೋಡಿದ್ರೆ ಅಲ್ಲೇ ಮಡ್ಸಿ ಇಟ್ಟವ್ರೆ. ಮದ್ವೆ ಆಗಿ ಇಷ್ಟು ವರ್ಷಕ್ಕೆ ನಮ್ಮನೆಯೋರ್ಗೆ ಬುದ್ಧಿ ಬಂತಲ್ಲ ಅಂತ ಸಂತೋಷವಾಗಿ ಹಚ್ಚಿದೆ."

೨. ಗಂಗಮ್ಮನನ್ನು ಚೆಲ್ಲುವುದೇ?

ಇನ್ನು ಅವ್ವನ ವಿಷಯ. ಹೆಸರು ಬೇಡ, ಬೀದಿಗೆಲ್ಲ ಅವರು ಅವ್ವ. ಮಗ್ಗದ ಮನೆಯ ಹಿರಿಯಜ್ಜಿ, ನನ್ನ ಎದೆಯೆತ್ತರ, ದನಿ ಮಾತ್ರ ಮೂರು ಬೀದಿ ಎತ್ತರ. ಮನೆಯಲ್ಲಿ ಕಡ್ಲೆಕಾಯಿ ವ್ಯಾಪಾರದ ಮಗ, ಸೊಸೆ, ಮದುವೆ ವಯಸ್ಸಿನ ಒಬ್ಬಳು ಮೊಮ್ಮಗಳು. ಬಾಯ್ಲರು ಅವ್ವನ ತವರಿನದು. ಮದುವೆಯಲ್ಲಿ ಅವರಪ್ಪ ಕೊಟ್ಟದ್ದು. ಕಲ್ಯಾಣದುರ್ಗದಿಂದ ಗಂಡನ ಮನೆಗೆ ಎತ್ತಿನ ಗಾಡಿಯಲ್ಲಿ ಬರುವಾಗ ಗಂಡ ಮುಂದೆ ಕೂತಿದ್ದನಂತೆ, ಬಾಯ್ಲರು ಅವ್ವನ ಪಕ್ಕದಲ್ಲಿ.

ಮೊದಲ ಸಲ ಅವರು ನನ್ನನ್ನು ಕರೆಸಿದ್ದು ದೀಪಾವಳಿಯ ಮಾರನೆಯ ದಿನ. ನೀರು ತುಂಬುವ ಹಬ್ಬಕ್ಕೆ ಬಾಯ್ಲರಿಗೆ ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟಿದ್ದರು. ನಾನು ಬಕೆಟ್ಟು ಇಟ್ಟು ನಲ್ಲಿಗೆ ಕೈ ಹಾಕಿದೆ. ಅವ್ವ ಅಡ್ಡ ನಿಂತರು.

"ಯಾರನ್ನ ಚೆಲ್ತೀಯ?"

"ನೀರು ಕಣವ್ವ."

"ನೀರಲ್ಲ, ಗಂಗಮ್ಮ. ಮೊನ್ನೆ ತಾನೇ ಪೂಜೆ ಮಾಡಿ ತುಂಬ್ಸೀವಿ. ಬಳ್ಳಿ ಇನ್ನೂ ಬಾಡಿಲ್ಲ. ಬೀಗ ಹಾಕಿದ ಮನೇಲಿ ಬಾಯ್ಲರು ಖಾಲಿ ಬಿಟ್ಟು ಹೋಗಾಕೆ ನಮ್ಗೇನು ಕೇಡು ಬಂದೈತಾ?"

"ನೀರು ಬಿಟ್ರೆ ಕಿಲುಬು ಹಿಡ್ದು ತಳ ತೂತು ಬೀಳ್ತೈತವ್ವ. ನಿಮ್ಮಪ್ಪ ಕೊಟ್ಟಿದ್ದು ನಿಮ್ಮ ಕಣ್ಮುಂದೇನೇ ಹಾಳಾಗ್ಲಾ?"

ಅಪ್ಪನ ಹೆಸರು ಎತ್ತಿದ್ದು ನನ್ನ ಕುಯುಕ್ತಿ. ಅವ್ವ ಮೆತ್ತಗಾದರು. ಆಮೇಲೆ ಹತ್ತಿರ ಬಂದು, ಆ ಮೂರು ಬೀದಿಯ ದನಿಯನ್ನು ನನಗೊಬ್ಬನಿಗೇ ಕೇಳುವಷ್ಟು ತಗ್ಗಿಸಿ ಅಂದರು:

"ಈ ವರ್ಷ ಮಗೀಗೆ ಗಂಡು ನೋಡ್ತೀವಿ ಕಣಪ್ಪ. ಮನೇಲಿ ಖಾಲಿ ಪಾತ್ರೆ ಇಟ್ಟು ಗಂಡು ಹುಡುಕಾಕೆ ಹೋಯ್ತೀನಲ್ಲ, ಅದಕ್ಕೇ ಭಯ."

ನಾನು ನಕ್ಕುಬಿಟ್ಟೆ. ವಯಸ್ಸು ಅಂಥದ್ದು. "ಎಲ್ಲಾ ನನ್ ಮೇಲೆ ಬಿಡವ್ವ, ಏನೂ ಆಗಕಿಲ್ಲ," ಅಂದೆ. ಅವ್ವ ಮನೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ಏನಾದ್ರೂ ಆಯ್ತೋ, ಬಂದು ನಿನ್ನ ಅಂಗಡಿ ಮುಂದೆ ಕೂತ್ಕಂತೀನಿ," ಅಂದರು. ನಾನು ನೀರು ಇಳಿಸಿದೆ.

ಹದಿನೈದು ದಿನಕ್ಕೆ ಕಲ್ಯಾಣದುರ್ಗದಿಂದ ಒಂದು ಕಾರ್ಡು ಬಂತು. ಅವ್ವನಿಗೆ ಬರೆಯಲು ಬಾರದು, ಅಕ್ಷರ ಮೊಮ್ಮಗಳದು. "ಮಗನ ಹೊಸ ಚಪ್ಪಲಿ ದೇವಸ್ಥಾನದ ಮುಂದೆ ಕಳೆದಿದೆ. ಖಾಲಿ ಬಾಯ್ಲರಿನ ಫಲ." ಇನ್ನು ಹತ್ತು ದಿನಕ್ಕೆ ಮತ್ತೊಂದು. "ಸೊಸೆಗೆ ಹಲ್ಲುನೋವು. ಖಾಲಿ ಬಾಯ್ಲರಿನ ಫಲ." ನಾನು ಅಂಗಡಿಗೆ ಬಂದವರಿಗೆಲ್ಲ ಓದಿ ತೋರಿಸಿ ನಗುತ್ತಿದ್ದೆ. ಮೂರನೆಯದು ಬಂದಾಗ ನಗು ನಿಂತಿತು. "ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದವರು ತಿಳಿಸಲೇ ಇಲ್ಲ. ಇನ್ನು ನಾನು ಹೇಳುವುದೇನಿದೆ." ಫಲ ಗಿಲ ಏನೂ ಬರೆಸಿರಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಆ ಹುಡುಗಿಯ ಮದುವೆಗೆ ನಾನೇ ಅಡ್ಡ ಬಂದೆನೇನೋ ಅನ್ನಿಸಿತು. ಕಾರ್ಡು ತಿರುಗಿಸಿದರೆ ವಿಳಾಸದ ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು:

"ಅಣ್ಣಾ, ಅವ್ವ ಹೇಳಿದ್ದು ಬರೆದಿದ್ದೇನೆ, ಬೇಜಾರು ಬೇಡ. ಆ ಗಂಡು ನನಗೂ ಇಷ್ಟ ಇರಲಿಲ್ಲ. ಬಾಯ್ಲರಿಗೆ ನನ್ನ ಥ್ಯಾಂಕ್ಸ್ ಹೇಳಿ."

೩. ಕಿಟಕಿ ಪಕ್ಕದ ಸೀಟು

ಮರುವರ್ಷ ದೀಪಾವಳಿ ಆಯಿತು. ಅವ್ವ ತೀರ್ಮಾನ ಮಾಡಿಟ್ಟಿದ್ದರು.

"ತುಂಬಿಟ್ರೆ ಕಿಲುಬು ಅಂತೀಯ. ಖಾಲಿ ನಾನಿಡಕಿಲ್ಲ. ಜೊತೇಲೇ ಕರ್ಕಂಡು ಹೋಯ್ತೀನಿ."

ಮಗ ಸಾಮಾನಿನ ಲಾರಿಯಲ್ಲಿ ಹಾಕೋಣ ಅಂದ. ಲಾರಿಯಲ್ಲಿ ನೆಗ್ಗುತ್ತದೆ ಎಂದು ಅವ್ವ ಒಪ್ಪಲಿಲ್ಲ. ಕೊನೆಗೆ ಮಗ, ಸೊಸೆ, ಮೊಮ್ಮಗಳು ಲಾರಿಯಲ್ಲಿ ಹೋದರು. ಅವ್ವ, ಬಾಯ್ಲರು, ನಾನು ಬಸ್ಸಿನಲ್ಲಿ. ನಾನು ಯಾಕೆ ಅಂದರೆ, ಅದಕ್ಕೆ ಏನಾದರೂ ಆದರೆ ರಿಪೇರಿಯವನು ಪಕ್ಕದಲ್ಲಿರಬೇಕಂತೆ.

ದಾರಿಯಲ್ಲೂ ಖಾಲಿ ಇರಬಾರದೆಂದು ಅವ್ವ ಅದರೊಳಗೆ ಒಂದು ಚೊಂಬು ಶುದ್ಧ ನೀರು ಹಾಕಿದರು. ಗೀರು ಬೀಳಬಾರದೆಂದು ತಮ್ಮ ಮದುವೆಯ ರೇಷ್ಮೆ ಸೀರೆ ಸುತ್ತಿದರು. ಹಬ್ಬದ ಕುಂಕುಮ, ಕೊರಳಿನ ಬಳ್ಳಿ ಹಾಗೇ ಇದ್ದವು. ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿನಲ್ಲಿ ಅದನ್ನು ಕೂರಿಸಿ ಪಕ್ಕದಲ್ಲಿ ತಾವು ಕೂತರು. ಕುಲುಕಾಟಕ್ಕೆ ಬೀಳದಂತೆ ನಾನು ನಿಂತು ಹಿಡಿದುಕೊಂಡೆ.

ಕಂಡಕ್ಟರ್ ಬಂದವನು ಸೀರೆ ನೋಡಿದ, ಕುಂಕುಮ ನೋಡಿದ, ಚಪ್ಪಲಿ ಬಿಟ್ಟ. "ಏ ಅಮ್ಮವಾರಮ್ಮಾ?" ಎಂದು ತೆಲುಗಿನಲ್ಲಿ, ಇದು ಯಾವ ದೇವಿ ಎಂದು ಕೇಳಿದ.

ಅವ್ವ ಸುಳ್ಳು ಹೇಳುವವರಲ್ಲ. "ಗಂಗಮ್ಮ ಕಣಪ್ಪ," ಅಂದರು.

"ಅಮ್ಮವಾರಿಕಿ ಟಿಕೆಟ್ ಏಮಿ," ದೇವಿಗೆಲ್ಲಿಯ ಟಿಕೆಟ್ಟು ಎಂದು ಕಣ್ಣಿಗೊತ್ತಿಕೊಂಡು ಮುಂದೆ ಹೋದ. ನನಗೆ ಮಾತ್ರ ಫುಲ್ ಟಿಕೆಟ್ ಹರಿದ. ಪೆನುಕೊಂಡದಲ್ಲಿ ಹತ್ತಿದ ಹೆಂಗಸರು ಮುಡಿಯಿಂದ ಹೂ ತೆಗೆದು ಇಟ್ಟರು. ಯಾರೋ ಊದುಬತ್ತಿ ಹಚ್ಚಿ ಸೀಟಿನ ಸಂದಿಗೆ ಸಿಕ್ಕಿಸಿದರು. ಬೆಳುಗುಪ್ಪಕ್ಕೆ ಹೋಗುತ್ತಿದ್ದ ಒಬ್ಬ ತಾತ ಎದುರು ಸೀಟಿನಿಂದ ಕೈಮುಗಿದವನು ಮುಗಿದಂತೆಯೇ ಅವ್ವನ ಹತ್ತಿರ ಊರು, ಕುಲ, ಮನೆತನ ಎಲ್ಲ ವಿಚಾರಿಸಿಕೊಂಡ. ನಾನು ಅವ್ವನ ಕಿವಿಯಲ್ಲಿ, "ಬಾಯ್ಲರು ಅಂತ ಹೇಳ್ಬಿಡವ್ವ," ಅಂದೆ.

"ಅವ್ರು ಕೈ ಮುಗೀತಿರೋದು ಗಂಗಮ್ಮಂಗೆ. ಗಂಗಮ್ಮ ಒಳಗವ್ಳೆ. ಇದ್ರಾಗೆ ಸುಳ್ಳೇನು ಐತೆ?" ಅಂದರು ಅವ್ವ.

ಅಷ್ಟರಲ್ಲಿ ಹಿಂದಿನಿಂದ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಬೊಗಸೆ ಒಡ್ಡಿದಳು. "ಸ್ವಾಮೀ, ಕೊಂಚೆಂ ತೀರ್ಥಂ."

ನಾನು ಅವ್ವನ ಮುಖ ನೋಡಿದೆ. ಅವ್ವ, "ಕೊಡಪ್ಪ, ಮಗು ಅಳ್ತೈತೆ," ಅಂದರು. ಸೀರೆ ಸರಿಸಿ ನಲ್ಲಿ ತಿರುಗಿಸಿದೆ. ಹಿಂದೆ ಸಾಲು ನಿಂತಿತು. ನಲ್ಲಿಯಿಂದ ತೀರ್ಥ ಕೊಡುವ ದೇವರನ್ನು ಆ ಬಸ್ಸಿನವರು ಕಂಡದ್ದು ಅದೇ ಮೊದಲು ಎಂದು ಕಾಣುತ್ತದೆ, ಕಲ್ಯಾಣದುರ್ಗ ಬರುವ ಹೊತ್ತಿಗೆ ಡ್ರೈವರು ಕೂಡ ಗಾಡಿ ನಿಲ್ಲಿಸಿ ಬಂದು ಎರಡು ಸಲ ತಗೊಂಡು ಹೋದ.

೪. ಆಫೀಸರ ಸಮಾಧಾನ

ಅದೇ ಸೀಸನ್ನಿನಲ್ಲಿ ಇನ್ನೊಂದು. ನಮ್ಮ ಬೀದಿಗೆ ಕರೆಂಟಿನ ಗೀಸರ್ ಮೊದಲು ತಂದವರು ಒಬ್ಬ ಆಫೀಸರು. ಅದನ್ನು ಗೋಡೆಗೆ ಕೂರಿಸಿದವನು ನಾನೇ. ಮೂರು ತಿಂಗಳ ಡೆಪ್ಯುಟೇಷನ್ ಮೇಲೆ ಕಲ್ಯಾಣದುರ್ಗಕ್ಕೆ ಹೊರಟಾಗ, ಸ್ವಿಚ್ ಆಫ್ ಮಾಡಿ, ನೀರು ಇಳಿಸಿ, ಬೇಕಾದರೆ ಗೀಸರಿನ ಫ್ಯೂಸನ್ನೂ ಕಿತ್ತುಬಿಡಿ ಎಂದು ಹೇಳಿಕೊಟ್ಟಿದ್ದೆ.

ಹೋಗಿ ನಾಲ್ಕು ದಿನಕ್ಕೆ ಟೆಲಿಗ್ರಾಂ ಬಂತು. ಟೆಲಿಗ್ರಾಂ ಎಂದರೆ ಆಗ ಸಾವಿನ ಸುದ್ದಿ. ನನ್ನ ಹೆಂಡತಿ ಒಡೆಯುವ ಮುಂಚೆಯೇ ಅಳಲು ಶುರುಮಾಡಿದಳು. ಒಡೆದರೆ, "ಗೀಸರ್ ಆಫ್ ಮಾಡಿದ್ದೇನಾ ನೋಡು." ಮನೆಗೆ ಬೀಗ, ಕೈ ಅವರ ಹತ್ತಿರ. ನಾನು ಹೇಗೆ ನೋಡಲಿ? ಎರಡು ದಿನಕ್ಕೆ ಇನ್ನೊಂದು ಟೆಲಿಗ್ರಾಂ, "ನಿದ್ದೆ ಇಲ್ಲ. ನೋಡು." ಹೆಂಡತಿ ಎರಡನೆಯದಕ್ಕೂ ಅತ್ತಳು. ಮೂರನೆಯದು ಬರುವ ಮುಂಚೆ ಬೀಗದ ಕೈ ತರೋಣವೆಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದೇ ಕಂಡಕ್ಟರ್, "ಸ್ವಾಮಿ, ಅಮ್ಮವಾರು ಎಕ್ಕಡ?" ಎನ್ನುತ್ತ, ದೇವಿ ಎಲ್ಲಿ ಹೋದಳೆಂದು ಕೇಳುತ್ತಲೇ ಇದ್ದ.

ಆಫೀಸರು ನನ್ನನ್ನು ಕಂಡು ಎದ್ದೇ ನಿಂತರು. ಪಾಪ, ಕಣ್ಣು ಗುಳಿ ಬಿದ್ದಿತ್ತು. "ಸ್ವಿಚ್ ಒತ್ತಿದ ಹಾಗೆ ನೆನಪು ಕಣಯ್ಯ. ಆದ್ರೆ ಆಫ್ ಆಗೋ ಕಡೆಗೆ ಒತ್ತಿದ್ನಾ, ಆನ್ ಆಗೋ ಕಡೆಗೆ ಒತ್ತಿದ್ನಾ?" ಎಂದು ಗೋಡೆಯ ಮೇಲೆ ಬೆರಳಿಟ್ಟು ನಾಲ್ಕು ಸಲ ಒತ್ತಿ ತೋರಿಸಿದರು. ಬೀಗದ ಕೈಗೆಂದು ಕೋಟಿನ ಜೇಬಿಗೆ ಕೈ ಹಾಕಿ ಹೊರಗೆ ತೆಗೆದರು. ಬೀಗದ ಕೈ ಜೊತೆಗೆ ಬಿಳಿ ಪಿಂಗಾಣಿಯದೊಂದು ಬಂತು.

"ಇದೇನು ಸಾರ್?" ಅಂದೆ.

"ಗೀಸರ್ ಫ್ಯೂಸು. ನೀನೇ ಹೇಳಿದ್ದೆಯಲ್ಲ. ಕಿತ್ತು ಜೇಬಲ್ಲಿ ಹಾಕ್ಕಂಡಿದ್ದೆ."

ನಾನು ಆ ಫ್ಯೂಸನ್ನು ತೆಗೆದುಕೊಂಡು ಅವರ ಮುಖದ ಮುಂದೆ ಹಿಡಿದೆ. ಆಫೀಸರು ದೊಡ್ಡ ಉಸಿರು ಬಿಟ್ಟರು. "ಹಾಗಾದ್ರೆ ಆಫ್ ಆಗೇ ಇರ್ತೈತೆ, ಅಲ್ವಾ?"

"ಫ್ಯೂಸ್ ಇಲ್ದೆ ಹೆಂಗೆ ಆನ್ ಆಗ್ತೈತೆ ಸಾರ್?"

"ಸರಿ ಸರಿ," ಎಂದು ನಕ್ಕು, ಬೀಗದ ಕೈ ನನ್ನ ಕೈಗೆ ಕೊಟ್ಟರು. "ಇಷ್ಟು ದೂರ ಬಂದಿದೀಯ. ಹೋಗಿ ಒಂದ್ಸಲ ನೋಡ್ಬಿಡು."

೫. ಹೊಸ ಅಳಿಯನ ಸ್ನಾನ

ಅದೇ ದಿನ ಅವ್ವನ ಬಿಡಾರಕ್ಕೂ ಹೋಗಿದ್ದೆ. ಅವ್ವನ ಮುಖ ಅರಳಿತ್ತು. ಬಸ್ಸಿನಲ್ಲಿ ಕುಲ ವಿಚಾರಿಸಿದ್ದ ಬೆಳುಗುಪ್ಪದ ತಾತ, ಮರುವಾರವೇ ತನ್ನ ಮೊಮ್ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಿದ್ದನಂತೆ. ಹುಡುಗ ಹೊಲ ಮನೆ ಇರುವವನು, ಬಹಳ ಸಂಕೋಚದವನು. ಹುಡುಗಿಯೂ ಈ ಸಲ ಒಪ್ಪಿದ್ದಳು. ತಾತನಿಗೆ ಅಷ್ಟು ಹೊತ್ತಿಗೆ ಅದು ಬಾಯ್ಲರು ಎಂದು ಗೊತ್ತಾಗಿತ್ತು. "ಅಮ್ಮ ಯಾವ ರೂಪದಾಗಾದ್ರೂ ಬತ್ತಾಳೆ," ಅಂದನಂತೆ.

"ಖಾಲಿ ಇದ್ದಾಗ ಹೋಯ್ತು, ಜೊತೇಲಿದ್ದಾಗ ಬಂತು. ಈಗೇನಂತೀಯ?" ಅಂದರು ಅವ್ವ.

ಬೇಸಿಗೆಯಲ್ಲಿ ಮದುವೆ ಆಯಿತು. ಮತ್ತೆ ದೀಪಾವಳಿ ಬಂತು. ಈ ಸಲ ಬಾಯ್ಲರು ತಂದರೆ ತಾನು ಬರುವುದಿಲ್ಲ ಎಂದು ಸೊಸೆ ಹಟ ಹಿಡಿದಳು. ಹೋದ ಸಲ ಕಲ್ಯಾಣದುರ್ಗದಲ್ಲಿ ಪ್ರತಿ ಶುಕ್ರವಾರ ಯಾರಾದರೂ ಚೊಂಬು ಹಿಡಿದುಕೊಂಡು ತೀರ್ಥಕ್ಕೆ ಬರುತ್ತಿದ್ದರಂತೆ. ಅವ್ವ ಜಗಳ ಮಾಡಲಿಲ್ಲ. ನನ್ನನ್ನು ಕರೆಸಿ, "ಆಯ್ತು, ಇಳ್ಸಪ್ಪ," ಅಂದರು. ನೀರು ಇಳಿಸಿ, ಒಣಗಿಸಿ, ಬಾಯಿ ಮುಚ್ಚಿ ಬಂದೆ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸಂಕ್ರಾಂತಿ ಹತ್ತಿರ ಬಂದಾಗ ಅವ್ವನ ಮಗನಿಂದ ಕಾರ್ಡು ಬಂತು. "ಭೋಗಿ ದಿನ ಬೆಳಗಿನ ಬಸ್ಸಿಗೆ ಎಲ್ಲರೂ ಬರುತ್ತೇವೆ. ಅಳಿಯಂದಿರಿಗೆ ಮೊದಲ ಹಬ್ಬ. ಎಣ್ಣೆ ಸ್ನಾನಕ್ಕೆ ನೀರು ಕಾಯಿಸಿಡು." ಬೀಗದ ಕೈ ಈ ಸಲವೂ ನನ್ನ ಹತ್ತಿರವೇ ಬಿಟ್ಟು ಹೋಗಿದ್ದರು. ಭೋಗಿಯ ಬೆಳಿಗ್ಗೆ ಹೋಗಿ ಬಾಗಿಲು ತೆಗೆದು ಆಲಿಕೆಗೆ ನೀರು ಸುರಿಯತೊಡಗಿದೆ. ನಾಲ್ಕು ಕೊಡ ಹಿಡಿಯುವ ಬಾಯ್ಲರು. ಒಂದೂವರೆ ಕೊಡಕ್ಕೇ ತುಂಬಿ ಚೆಲ್ಲಿತು.

ನನಗೆ ಎಲ್ಲಿತ್ತೋ ಸಿಟ್ಟು. ಅವ್ವ ನನ್ನನ್ನು ಏಮಾರಿಸಿದ್ದಾರೆ. ನಾನು ಇಳಿಸಿ ಹೋದ ಮೇಲೆ ಮತ್ತೆ ನೀರು ತುಂಬಿಟ್ಟು ಹೋಗಿದ್ದಾರೆ. ಮೂರು ತಿಂಗಳ ನಿಂತ ನೀರು! ಕಿಲುಬಿನ ನೀರೇ ಬರಲಿ, ತಮ್ಮ ಕಣ್ಣಿನಿಂದಲೇ ನೋಡಲಿ ಎಂದುಕೊಂಡು ಹೊಟ್ಟು ತುಂಬಿ ಕಡ್ಡಿ ಗೀರಿದೆ. ನಲ್ಲಿ ತಿರುಗಿಸಿ ನೋಡದೆ ಕಡ್ಡಿ ಗೀರಬೇಡಿ ಎಂದು ಊರಿಗೆಲ್ಲ ಹೇಳಿದವನು ನಾನು. ನಾನು ನೋಡಲಿಲ್ಲ.

ಬಸ್ಸು ತಡವಾಯಿತು. ಎರಡು ಗಂಟೆ ಕಾಲ ನಾನು ಹೊಟ್ಟು ಹಾಕುತ್ತಲೇ ಇದ್ದೆ. ಬಾಯ್ಲರು ಗುಳುಕ್ ಗುಳುಕ್ ಎನ್ನತೊಡಗಿತು. ಯಾರ ಮನೆಯಿಂದಲೋ ಅಂಬಲಿಯ ವಾಸನೆ ಬಂತು. ಹಬ್ಬದ ದಿನ ಅಂಬಲಿ ಯಾರು ಕಾಯಿಸುತ್ತಾರಪ್ಪ ಎಂದುಕೊಂಡೆ.

ಎಲ್ಲರೂ ಬಂದು ಇಳಿದರು. ಅಳಿಯನಿಗೆ ಆರತಿ ಆಯಿತು, ಮಣೆ ಹಾಕಿ ಕೂರಿಸಿ ಎಣ್ಣೆ ಹಚ್ಚಲು ಶುರುಮಾಡಿದರು. ಅವ್ವ ಮೂಗು ಅರಳಿಸಿ ಒಂದು ಸಲ ವಾಸನೆ ನೋಡಿದರು. ಬಚ್ಚಲುಮನೆಯ ಕಡೆ ನೋಡಿದರು, ಆಮೇಲೆ ನನ್ನನ್ನು. ಮೆಲ್ಲಗೆ ಎದ್ದು ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದರು.

"ಬಾಯ್ಲರು ಹಚ್ಚಿದೀಯಾ?"

"ಹಚ್ಚೀನವ್ವ. ಒಳಗೆ ಏನಿಟ್ಟಿದ್ರಿ ಅಂತ ಗೊತ್ತಾಯ್ತು ಬಿಡಿ," ಅಂದೆ ಚುಚ್ಚಿ.

"ಗೊತ್ತಾಯ್ತಾ? ಸದ್ಯ. ತೆಗೆದು ಎಲ್ಲಿಟ್ಟೆ?"

"ತೆಗೆಯೋದ್ಯಾಕೆ? ಇದ್ದಿದ್ನೇ ಕಾಯ್ಸೀನಿ."

ಅವ್ವ ಕಂಬ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

"ಅಯ್ಯೋ ನಿನ್ ಮನೆ ಕಾಯೋಗ! ರಾಗಿ ಕಣೋ. ಮೂರು ಮಂಕರಿ ಹೊಸ ರಾಗಿ. ನೀರು ಬ್ಯಾಡ ಅಂದೆ, ಖಾಲೀನೂ ಇಡಬಾರ್ದು. ಮಗಿ ಮದ್ವೆ ಆದ ಮೊದ್ಲನೇ ವರ್ಷ. ರಾಗಿ ಒಣಗಿರ್ತೈತೆ, ಕಿಲುಬು ಹಿಡಿಯಕಿಲ್ಲ ಅಂತ ಆಲಿಕೇಲಿ ಸುರ್ದು ಹೋಗಿದ್ದೆ. ಬಂದ್ ಮೇಲೆ ನಲ್ಲಿ ತಿರುಗ್ಸಿ ಸುರ್ಕಂಡ್ರಾಯ್ತು ಅಂತ."

ನಿಂತ ನೀರೆಂದುಕೊಂಡು ನಾನು ರಾಗಿಗೆ ನೀರು ಹಾಕಿ ಎರಡು ಗಂಟೆ ಬೇಯಿಸಿದ್ದೇನೆ. ಅವರಪ್ಪ ಕೊಟ್ಟ ಬಾಯ್ಲರು, ಹೊಸ ಅಳಿಯ, ಬೀದಿಯೆದುರು ನನ್ನ ಹೆಸರು ಎಲ್ಲ ಒಂದೇ ಒಲೆಯ ಮೇಲೆ. ಇಬ್ಬರೂ ಪಡಸಾಲೆಗೆ ಓಡಿದೆವು. ಅವ್ವ ಸೊಸೆಗೆ, "ಇನ್ನೊಂಚೂರು ಎಣ್ಣೆ ಹಚ್ಚಮ್ಮ, ಬೆನ್ನಿಗೆ ಸಾಲ್ದು," ಅಂದರು, ಹೊತ್ತು ಕಳೆಯಲು. ಸೊಸೆ, "ಆಗ್ಲೇ ಬಚ್ಚಲಿಗೆ ಹೋದ್ರತ್ತೆ," ಅಂದಳು.

ಒಳಗಿನಿಂದ ಅಗಳಿ ಹಾಕಿತ್ತು. ನಲ್ಲಿ ತಿರುಗಿದ ಸದ್ದು. ಏನೂ ಬರಲಿಲ್ಲ. ಪೊರಕೆ ಕಡ್ಡಿಯಿಂದ ಕೆದಕಿದ ಸದ್ದು. ಆಮೇಲೆ ಭೊರ್ರ್ ಎಂದು ಬಕೆಟ್ಟಿಗೆ ಏನೋ ಬಿದ್ದದ್ದು ಕೇಳಿತು. ನಾನು ಕಣ್ಣು ಮುಚ್ಚಿಕೊಂಡೆ. ಕೂಗುತ್ತಾನೆ, ಬಟ್ಟೆ ಸುತ್ತಿಕೊಂಡು ಹೊರಗೆ ಬರುತ್ತಾನೆ, ಅಲ್ಲಿಗೆ ನನ್ನ ಅಂಗಡಿ ಮುಚ್ಚಿತು ಎಂದು ಕಾದೆ. ಕೂಗಲಿಲ್ಲ. ಬಹಳ ಹೊತ್ತು ಪಚಕ್ ಪಚಕ್ ಎಂಬ ಸದ್ದು ಮಾತ್ರ. ಆಮೇಲೆ ಒಳಗಿನಿಂದ ಅತಿ ವಿನಯದ ದನಿ ಬಂತು:

"ಅವ್ವಾ... ಪೂರ್ತಿ ಹಚ್ಕಂಡಿದ್ದಾಯ್ತು. ತಲೆಗೂ ಹಚ್ಕಂಡೆ. ಇನ್ನು ನೀರು ಯಾವ ಕಡೆಯಿಂದ ಬತ್ತೈತೆ?"

ಆ ಮನೆಯ ಬಾಯ್ಲರಿನಿಂದ ಏನು ಬಂದರೂ ಬೇಡ ಅನ್ನಬೇಡ, ಅದು ಅಮ್ಮನ ಪ್ರಸಾದ ಎಂದು ಅವನ ತಾತ ಹೇಳಿ ಕಳಿಸಿದ್ದನಂತೆ. ಎಣ್ಣೆ ಇಳಿಸಲು ನಾವು ಸೀಗೇಪುಡಿ ಹಚ್ಚುವ ಹಾಗೆ ಇವರ ಕಡೆ ಬಿಸಿ ರಾಗಿ ಹಚ್ಚುತ್ತಾರೆ ಎಂದುಕೊಂಡ. ಬಕೆಟ್ಟಿನಲ್ಲಿ ಆರಲು ಬಿಟ್ಟು, ಮೈಗೆಲ್ಲ ಬಳಿದುಕೊಂಡು ಪಾಪ ನಿಂತಿದ್ದ.

ಮುಖ ಕಂಡರೆ ನಗು ಬಂದೀತೆಂದು ಎಲ್ಲರೂ ಒಬ್ಬೊಬ್ಬರು ಒಂದೊಂದು ಗೋಡೆಗೆ ತಿರುಗಿದರು. ಅಕ್ಕಪಕ್ಕದ ಮನೆಗಳಿಂದ ಬಿಸಿನೀರು ಹೊತ್ತು ತಂದೆವು. ಅಳಿಯ ಮಿಂದು ಹೊರಗೆ ಬಂದಾಗ ಮುಖ ಲಕಲಕ ಹೊಳೆಯುತ್ತಿತ್ತು. "ಇದು ನಮ್ ಕಡೆ ಇಲ್ಲ ಅವ್ವ. ನೀವು ಯಾವಾಗ್ಲೂ ಹಿಂಗೇ ಮಾಡ್ತೀರಾ?" ಅಂದ.

ಅವ್ವ ನನ್ನ ಕಡೆ ನೋಡಿದರು. ಆ ಗಳಿಗೆಯಲ್ಲಿ ಒಂದು ಮಾತು ಸಾಕಿತ್ತು, ನನ್ನ ಮಾನ ಬೀದಿಗೆ ಬೀಳಲು. ಸುಳ್ಳು ಹೇಳದ ಆ ಮುದುಕಿ, ಎಂಟು ಕೂದಲಿನ ಬಿಳಿಯ ತಲೆ ಎತ್ತಿ, ಗಟ್ಟಿಯಾಗಿ ಅಂದರು:

"ಮೊದ್ಲನೇ ವರ್ಷದ ಅಳಿಯಂಗೆ ಮಾತ್ರ ಕಣಪ್ಪ. ನಮ್ ಮನೆ ಪದ್ಧತಿ."

ಬಾಯ್ಲರಿನ ಬೆಸುಗೆ ಹೋಗಿರಲಿಲ್ಲ, ಸುರಿದ ನೀರು ಕಾಪಾಡಿತ್ತು. ತಳಕ್ಕೆ ಹತ್ತಿದ ರಾಗಿ ಮಾತ್ರ ಕಲ್ಲಾಗಿತ್ತು. ಹೊತ್ತು ತಂದು ಅಂಗಡಿಯ ಮುಂದೆ ಹಾಕಿಕೊಂಡು, ಆಲಿಕೆಯಲ್ಲಿ ಬಗ್ಗಿಸಿದ ಕಂಬಿ ಇಳಿಬಿಟ್ಟು ಹಬ್ಬವೆಲ್ಲ ಕೆರೆದೆ. ಸಂಕ್ರಾಂತಿಯ ದಿನ ತಲೆ ಎತ್ತಿ ನೋಡಿದರೆ, ಹೇಳಿದ ಮಾತಿನಂತೆ ಅವ್ವ ಬಂದು ಅಂಗಡಿಯ ಮುಂದೆ ಕೂತಿದ್ದರು.

"ಮನೆಗೇನೂ ಆಗ್ಲಿಲ್ವಲ್ಲವ್ವ, ಮತ್ಯಾಕೆ ಕೂತಿದೀರಿ?" ಅಂದೆ.

"ನಿನ್ನೆಯಿಂದ ನೀನು ಊಟ ಮಾಡಿಲ್ಲ ಅಂದ್ಳು ನಿನ್ ಹೆಂಡ್ತಿ. ತಿನ್ನು," ಎಂದು ಸೆರಗಿನ ಮರೆಯಿಂದ ತಟ್ಟೆ ತೆಗೆದರು. ಮುದ್ದೆ. ಬಾಯ್ಲರಿನಲ್ಲಿ ಉಳಿದದ್ದಲ್ಲ ತಾನೇ ಎಂದು ನಾನು ನೋಡಿದ್ದು ಅವರಿಗೆ ತಿಳಿಯಿತು. "ಹೆದರ್ಕಾಬ್ಯಾಡ, ಪಾತ್ರೇಲಿ ಮಾಡಿದ್ದು," ಅಂದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ತಿಂದೆ.

ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮರುವರ್ಷ ಭೋಗಿಗೆ ನಾಲ್ಕು ದಿನವಿದೆ ಅನ್ನುವಾಗ, ಆ ಸಲ ಬೇಗ ಊರಿಗೆ ಬಂದಿದ್ದ ಅವ್ವ ಒಂದು ಕಾರ್ಡು ಹಿಡಿದುಕೊಂಡು ಅಂಗಡಿಗೆ ಬಂದರು. "ಓದು," ಅಂದರು. ಬೆಳುಗುಪ್ಪದ ಅಳಿಯನದು. ಮೊದಲ ವರ್ಷದ ಅಳಿಯನಿಗೆ ಮಾತ್ರ ಎಂದು ಗೊತ್ತಿದೆ, ಆದರೂ ತಾತ ಬಿಡುತ್ತಿಲ್ಲ, ಸಾಯುವುದರೊಳಗೆ ತನಗೂ ಒಂದು ಸಲ ಹಾಗೆ ರಾಗಿ ಹಚ್ಚಿ ಎರೆಯಬೇಕಂತೆ, ಮನೆಗೆ ಹೊಸ ಬಾಯ್ಲರೂ ತಂದಾಗಿದೆ, ಎಷ್ಟು ರಾಗಿ, ಎಷ್ಟು ನೀರು, ಎಷ್ಟು ಹೊತ್ತು, ದಯವಿಟ್ಟು ತಿಳಿಸಬೇಕು ಎಂದು ಬರೆದಿದ್ದ.

"ಈಗ್ಲಾದ್ರೂ ನಿಜ ಬರ್ದುಬಿಡಾನ ಅವ್ವ," ಅಂದೆ.

ಅವ್ವ ಸ್ಟೂಲು ಎಳೆದುಕೊಂಡು ಕೂತು, ಕಾಲ ಮೇಲೆ ಕಾಲು ಹಾಕಿ ಅಂದರು:

"ಬರ್ಕ. ಮೂರು ಮಂಕರಿ ರಾಗಿ, ಒಂದೂವರೆ ಕೊಡ ನೀರು, ಎರಡು ಗಂಟೆ ಉರಿ. ನಲ್ಲಿ ಮಾತ್ರ ಒಂಚೂರು ದೊಡ್ಡದು ಹಾಕ್ಸಿ ಅಂತ ಬರಿ."